ಬೋಟ್ ಎಂಜಿನ್ನಿನ ಗೇರ್ ಆಯಿಲ್ ಸೋರುತ್ತಿದೆಯೇ? ಸೀಲ್ ಕೊಳ್ಳುವ ಮೊದಲು ಇಷ್ಟು ನೋಡಿ

ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ಬೋಟ್ ಇಟ್ಟುಕೊಂಡವರು ಎಂಜಿನ್ನಿನ ಮೇಲ್ಭಾಗವನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಪ್ಲಗ್ ಬಿಚ್ಚಿ ಒರೆಸುತ್ತಾರೆ, ಪೆಟ್ರೋಲ್ ಸೋಸಿ ಹಾಕುತ್ತಾರೆ, ಮಳೆ ಬಂದರೆ ತಾಡಪತ್ರಿ ಹೊದಿಸುತ್ತಾರೆ. ಆದರೆ ನೀರಿನೊಳಗೆ ಮುಳುಗಿರುವ ಗೇರ್ ಬಾಕ್ಸ್ ಕಡೆ ಯಾರ ಗಮನವೂ ಹೋಗುವುದಿಲ್ಲ. ಅದರಲ್ಲಿರುವ ಎಣ್ಣೆ ಎಷ್ಟು ಗೊತ್ತಾ? 15 ಎಚ್‌ಪಿ ಎಂಜಿನ್ನಿನಲ್ಲಿ ಸುಮಾರು ಕಾಲು ಲೀಟರ್. 40 ಎಚ್‌ಪಿ ಎಂಜಿನ್ನಿನಲ್ಲೂ ಅರ್ಧ ಲೀಟರ್ ದಾಟುವುದು ಕಡಿಮೆ. ಇಷ್ಟು ಚೂರು ಎಣ್ಣೆಯಲ್ಲಿ ಎರಡು ಚಮಚ ಸೋರಿದರೂ, ಎರಡು ಚಮಚ ನೀರು ಸೇರಿದರೂ ಗೇರಿಗೆ ಪೆಟ್ಟು ಬೀಳುತ್ತದೆ.

ನಮ್ಮ ಕಡೆ ಹೆಚ್ಚಾಗಿ ಇರುವುದು ಬೋಟಿನ ಹಿಂದೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್. ಎಂಜಿನ್ ಬೋಟಿನ ಒಳಗೇ ಇದ್ದು, ಗೇರಿನ ಕಾಲು ಮಾತ್ರ ಹಿಂದೆ ಹೊರಗಿರುವ ಬೋಟಿಗೆ ಸ್ಟರ್ನ್‌ಡ್ರೈವ್ ಎನ್ನುತ್ತಾರೆ. ನೀರಿನೊಳಗಿನ ಗೇರ್ ಬಾಕ್ಸ್ ಎರಡರಲ್ಲೂ ಒಂದೇ ರೀತಿ ಕೆಲಸ ಮಾಡುತ್ತದೆ, ಎಣ್ಣೆ ಸೋರುವ ಜಾಗಗಳೂ ಬಹುಪಾಲು ಒಂದೇ. ಹಾಗಾಗಿ ಔಟ್‌ಬೋರ್ಡನ್ನು ಮುಂದಿಟ್ಟುಕೊಂಡು ಬರೆಯುತ್ತೇನೆ. ಸ್ಟರ್ನ್‌ಡ್ರೈವ್‌ಗೆ ಮಾತ್ರ ಇರುವ ಸಂಗತಿಗಳನ್ನು ಬೇರೆಯಾಗಿ ಹೇಳುತ್ತೇನೆ.

ಕೊರ್ತಿ ಕಡೆ ಇರುವ ನಮ್ಮ ಸೋದರಮಾವ ಒಂದೇ ವರ್ಷದಲ್ಲಿ ಎರಡು ಸಲ ಆಯಿಲ್ ಸೀಲ್, ಅಂದರೆ ತಿರುಗುವ ಸರಳಿನ (ಶಾಫ್ಟಿನ) ಸುತ್ತ ಕೂತು ಎಣ್ಣೆ, ನೀರು ತಡೆಯುವ ರಬ್ಬರ್ ಬಳೆ, ಹಾಕಿಸಿದರು. ಎರಡು ಸಲವೂ ಗೇರ್ ಬಾಕ್ಸ್ ಪೂರ್ತಿ ಬಿಚ್ಚಿದ್ದಾಯಿತು, ಮೀನು ಹಿಡಿಯುವ ದಿನಗಳು ಹೋದವು, ಹಣವೂ ಹೋಯಿತು. ಆದರೂ ಎಣ್ಣೆಯಲ್ಲಿ ನೀರು ಬರುವುದು ನಿಲ್ಲಲಿಲ್ಲ. ಕೊನೆಗೆ ನೋಡಿದರೆ ತಪ್ಪಿದ್ದದ್ದು ಎಣ್ಣೆ ಬಿಡುವ ಸ್ಕ್ರೂವಿನ ಕೆಳಗಿನ ಒಂದು ವಾಷರ್. ಹಳೆಯ ವಾಷರ್ ಚಪ್ಪಟೆಯಾಗಿ ಒಂದು ಕಡೆ ಹರಿದಿತ್ತು. ಸೀಲ್ ಹಾಕಿದ ಪ್ರತಿ ಸಲವೂ ಅದೇ ವಾಷರ್ ಮತ್ತೆ ಹಾಕಿದ್ದರು. ಅವತ್ತಿನಿಂದ ನಾನು ಯಾರಿಗೇ ಆದರೂ ಮೊದಲು ಹೇಳುವುದು ಇದನ್ನೇ: ಎಲ್ಲಿಂದ ಅಂತ ಗೊತ್ತಾಗುವ ತನಕ ಏನನ್ನೂ ಕೊಳ್ಳಬೇಡಿ.

## ಕೈ ಹಾಕುವ ಮೊದಲು

ಎಂಜಿನ್ ಬಂದ್ ಮಾಡಿ. ಕೈಗೆ ಕಟ್ಟಿಕೊಳ್ಳುವ ಕೆಂಪು ಹಗ್ಗದ ಕಿಲ್ ಸ್ವಿಚ್ ಕ್ಲಿಪ್ ತೆಗೆದು ಜೇಬಿಗೆ ಹಾಕಿಕೊಳ್ಳಿ. ಪ್ಲಗ್ಗಿನ ವೈರ್ ಕಿತ್ತಿಡಿ. ಸೆಲ್ಫ್ ಸ್ಟಾರ್ಟ್ ಇದ್ದರೆ ಬ್ಯಾಟರಿಯ ಒಂದು ತುದಿ ಬಿಚ್ಚಿ. ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸುವಾಗ ಬಿಸಿ ಎಂಜಿನ್ ಒಂದು ಸಲ ಕಿಡಿ ಹೊತ್ತಿಸಿದರೂ ಸಾಕು, ಬೆರಳು ಹೋಗುತ್ತದೆ. ಸುಮ್ನೆ ಹೆದರಿಸಲು ಹೇಳುತ್ತಿಲ್ಲ, ದಯವಿಟ್ಟು ಈ ಎರಡು ನಿಮಿಷ ಉಳಿಸಲು ಹೋಗಬೇಡಿ.

ಎಂಜಿನ್ನನ್ನು ಬೋಟಿನಿಂದ ಇಳಿಸಿದ್ದರೆ ಗಟ್ಟಿ ಸ್ಟ್ಯಾಂಡಿಗೆ ಸಿಕ್ಕಿಸಿ, ಗೋಡೆಗೆ ಒರಗಿಸಬೇಡಿ. ನೀರಿಲ್ಲದೆ ದಂಡೆಯ ಮೇಲೆ ಸ್ಟಾರ್ಟ್ ಮಾಡಿ ನೋಡುವ ಅಭ್ಯಾಸವೂ ಬೇಡ. ನೀರಿನ ಪಂಪಿನೊಳಗಿನ ರಬ್ಬರ್ ಚಕ್ರ ನೀರಿಲ್ಲದೆ ತಿರುಗಿದರೆ ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ. ಒಂದು ದೋಷ ಹುಡುಕಲು ಹೋಗಿ ಇನ್ನೊಂದು ತಂದುಕೊಂಡ ಹಾಗಾಗುತ್ತದೆ.

## ನೀರಿನ ಮೇಲೆ ಕಾಮನಬಿಲ್ಲಿನಂಥ ಪೊರೆ, ಪ್ರೊಪೆಲ್ಲರ್ ಮೇಲೆ ಕಪ್ಪು ಜಿಡ್ಡು

ಹೆಚ್ಚು ಜನ ಗಾಬರಿಯಾಗುವುದು ಇದನ್ನು ನೋಡಿಯೇ. ಇದು ಗೇರ್ ಆಯಿಲ್ ಆಗದೇ ಇರಬಹುದು.

ಬಹಳಷ್ಟು ಔಟ್‌ಬೋರ್ಡುಗಳಲ್ಲಿ ಹೊಗೆ ಹೊರಗೆ ಹೋಗುವುದು ಪ್ರೊಪೆಲ್ಲರ್ ನಡುವಿನ ತೂತಿನಿಂದ. ಟು-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿಗೆ ಬೆರೆಸಿದ ಎಣ್ಣೆ ಪೂರ್ತಿ ಉರಿಯುವುದಿಲ್ಲ. ಉಳಿದದ್ದು ಹೊಗೆಯ ಜೊತೆ ಕೆಳಗಿಳಿದು ಅಲ್ಲೇ ಕೂತಿರುತ್ತದೆ. ಎಂಜಿನ್ ಎತ್ತಿ ಇಟ್ಟಾಗ, ಮನೆಯ ಪಡಸಾಲೆಯಲ್ಲಿ ಮಲಗಿಸಿದಾಗ, ಅದು ಒಂದೊಂದೇ ಹನಿ ಬೀಳುತ್ತದೆ. ನೋಡಿದವರು ಸೀಲ್ ಹೋಯಿತು ಅಂದುಕೊಳ್ಳುತ್ತಾರೆ.

ಗುರುತು ಹಿಡಿಯುವುದು ಸುಲಭ. ಬೆರಳಿಗೆ ಹಚ್ಚಿಕೊಂಡು ಮೂಸಿ ನೋಡಿ. ಹೊಗೆಯ ಜಿಡ್ಡು ಕಪ್ಪಗೆ, ತೆಳ್ಳಗೆ ಇರುತ್ತದೆ. ಪೆಟ್ರೋಲ್ ಮತ್ತು ಮಸಿಯ ವಾಸನೆ ಬರುತ್ತದೆ. ಗೇರ್ ಆಯಿಲ್ ಮಂದವಾಗಿ, ಬೆರಳುಗಳ ನಡುವೆ ಎಳೆಯೆಳೆಯಾಗಿ ಬರುತ್ತದೆ. ಅದಕ್ಕೆ ಗಂಧಕದ ಘಾಟು ಇರುತ್ತದೆ. ಟ್ರಾಕ್ಟರಿನ ಹಿಂದಿನ ಹೌಸಿಂಗ್ ಬಿಚ್ಚಿದವರಿಗೆ ಈ ವಾಸನೆ ಗೊತ್ತಿರುತ್ತದೆ, ಒಮ್ಮೆ ಮೂಗಿಗೆ ಬಿದ್ದರೆ ಮರೆಯುವುದಿಲ್ಲ.

ಇನ್ನೊಂದು ಸುಳ್ಳು ಸುಳಿವು ಗ್ರೀಸ್. ಪ್ರೊಪೆಲ್ಲರ್ ಹಾಕುವಾಗ ಶಾಫ್ಟಿಗೆ ಗ್ರೀಸ್ ಹಚ್ಚುತ್ತೇವೆ ಅಲ್ವಾ, ಜಾಸ್ತಿಯಾದದ್ದು ಬಿಸಿಗೆ ಕರಗಿ ಹೊರಗೆ ಬರುತ್ತದೆ. ಎಂಜಿನ್ ಎತ್ತಿ ಇಳಿಸುವ ಹೈಡ್ರಾಲಿಕ್ ಇದ್ದರೆ ಅದರ ಎಣ್ಣೆಯೂ ಸೋರಿ ಕೆಳಗಿಳಿಯಬಹುದು. ಅದು ಗೇರ್ ಆಯಿಲಿಗಿಂತ ಬಹಳ ತೆಳು, ಸುರುವಾಗುವುದೂ ಮೇಲಿನಿಂದ.

ಅನುಮಾನ ಉಳಿದರೆ ಗೇರ್ ಬಾಕ್ಸನ್ನು ಡೀಸೆಲ್ ಬಟ್ಟೆಯಲ್ಲಿ ಒರೆಸಿ, ಸೋಪಿನಲ್ಲಿ ತೊಳೆದು, ಒಣಗಿಸಿ. ಎಂಜಿನ್ ನೆಟ್ಟಗೆ ನಿಲ್ಲಿಸಿ ಕೆಳಗೆ ಒಂದು ಬಿಳಿ ರಟ್ಟು ಹಾಸಿ. ರಾತ್ರಿ ಕಳೆಯಲಿ. ಬೆಳಿಗ್ಗೆ ಕಲೆ ಎಲ್ಲಿ ಬಿದ್ದಿದೆ, ಯಾವ ಬಣ್ಣದ್ದು ಅಂತ ನೋಡಿ. ಈ ಒಂದು ರಟ್ಟು ಉಳಿಸುವ ದುಡ್ಡು ದೊಡ್ಡದು.

## ಗೇರ್ ಬಾಕ್ಸ್ ಬದಿಯಲ್ಲಿ, ಸ್ಕ್ರೂ ಸುತ್ತ ಒದ್ದೆ

ಗೇರ್ ಬಾಕ್ಸಿನ ಪಕ್ಕದಲ್ಲಿ ಎರಡು ಸ್ಕ್ರೂ ಇರುತ್ತವೆ. ಕೆಳಗಿನದು ಎಣ್ಣೆ ಬಿಡಲು ಮತ್ತು ತುಂಬಲು. ಮೇಲಿನದು ಮಟ್ಟ ನೋಡಲು. ಎರಡಕ್ಕೂ ಒಂದೊಂದು ತೆಳ್ಳನೆಯ ವಾಷರ್ ಇದೆ. ಎಣ್ಣೆ ಬದಲಿಸಿದ ಪ್ರತಿ ಸಲವೂ ಎರಡೂ ವಾಷರ್ ಹೊಸದು ಹಾಕಬೇಕು. ಇಡೀ ಎಂಜಿನ್ನಿನಲ್ಲಿ ಇದಕ್ಕಿಂತ ಅಗ್ಗದ ಸಾಮಾನು ಇಲ್ಲ, ಇದಕ್ಕಿಂತ ಹೆಚ್ಚು ಅಸಡ್ಡೆಗೆ ಒಳಗಾದದ್ದೂ ಇಲ್ಲ.

ಸ್ಕ್ರೂ ಬಿಚ್ಚಿದಾಗ ಹಳೆಯ ವಾಷರ್ ಕೆಲವೊಮ್ಮೆ ತೂತಿನ ಬಾಯಿಗೇ ಅಂಟಿಕೊಂಡಿರುತ್ತದೆ. ಅದನ್ನು ಕಾಣದೆ ಅದರ ಮೇಲೆ ಹೊಸದು ಹಾಕಿದರೆ ಎರಡೂ ಸೇರಿ ಸರಿಯಾಗಿ ಕೂರುವುದಿಲ್ಲ. ಬೆರಳು ಆಡಿಸಿ ನೋಡಿ, ಅಲ್ಲೇ ಇದ್ದರೆ ಉಗುರಿನಿಂದ ಬಿಡಿಸಿ. ಚಾಕು, ಉಳಿ ಹಾಕಬೇಡಿ. ಅಲ್ಯೂಮಿನಿಯಂ ಮೆದು, ಗೀರು ಬಿದ್ದರೆ ಅದೇ ಎಣ್ಣೆಗೆ ದಾರಿ.

ಬಿಗಿ ಮಾಡುವಾಗಲೂ ಹುಷಾರು. ಅಗಲ ಬಾಯಿಯ, ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಬೇಕು. ಗಟ್ಟಿಯಾದ ಮೇಲೆ ಇನ್ನೂ ತಿರುಗಿಸಿದರೆ ಆಟೆ, ಅಂದರೆ ಸ್ಕ್ರೂ ಕೂರುವ ಸುರುಳಿ ಗೆರೆ, ಹೋಗುತ್ತದೆ. ಆಟೆ ಹೋದರೆ ದಾರ ಸುತ್ತಿ, ಎಪಾಕ್ಸಿ ತುಂಬಿ ಮುಚ್ಚಬೇಡಿ. ಆಟೆ ಹೊಸದಾಗಿ ಹಾಕುವ ಕೆಲಸ ಲೇತ್ ಅಂಗಡಿಯವರಿಗೆ ದೊಡ್ಡದಲ್ಲ. ಬೆಳಗಾವಿಯ ಉದ್ಯಮಬಾಗದಲ್ಲಿ ಇಂಥ ಅಂಗಡಿಗಳು ಸಾಲು ಸಾಲು ಇವೆ.

## ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದೆ

ಹೊರಗೆ ಒಂದು ಹನಿ ಸೋರಿರುವುದಿಲ್ಲ. ಸ್ಕ್ರೂ ಸಡಿಲಿಸಿದರೆ ಒಳಗಿಂದ ಬರುವುದು ಬೇರೆಯೇ. ಪಕ್ಕದ ಮನೆಯ ಹುಡುಗ ಒಂದು ಸಂಜೆ ಓಡಿ ಬಂದು ಹೇಳಿದ್ದು ಇನ್ನೂ ನೆನಪಿದೆ: ‘ಕಾಕಾ, ಎಣ್ಣಿ ಚಾ ಆದಂಗ ಆಗೇತ್ರಿ, ಬಂದ್ ನೋಡ್ರಿ!’ ಇದಕ್ಕಿಂತ ಸರಿಯಾಗಿ ಹೇಳಲು ಆಗುವುದಿಲ್ಲ. ಎಣ್ಣೆ ಮತ್ತು ನೀರನ್ನು ಗೇರುಗಳು ಕಡೆದು ಕಡೆದು ಮಜ್ಜಿಗೆ ಮಾಡಿಟ್ಟಿರುತ್ತವೆ.

ನನ್ನ ಲೆಕ್ಕದಲ್ಲಿ ಇದು ಹೊರಗಿನ ಸೋರಿಕೆಗಿಂತ ಕೆಟ್ಟದ್ದು. ಹೊರಗೆ ಸೋರಿದರೆ ಕಣ್ಣಿಗೆ ಕಾಣುತ್ತದೆ. ನೀರು ಒಳಗೆ ಹೋದರೆ ಗೇರಿನ ಹಲ್ಲುಗಳ ನಡುವಿನ ಎಣ್ಣೆಯ ಪದರ ಒಡೆಯುತ್ತದೆ, ಬೇರಿಂಗಿನ ಗುಂಡುಗಳು ತುಕ್ಕು ಹಿಡಿಯುತ್ತವೆ, ಮತ್ತೆ ಇದೆಲ್ಲ ಎಂಜಿನ್ ಸುಮ್ಮನೆ ನಿಂತಿರುವಾಗಲೂ ನಡೆಯುತ್ತಿರುತ್ತದೆ.

ಎಣ್ಣೆ ಹೊರಗೆ ಬರದೆ ನೀರು ಹೇಗೆ ಒಳಗೆ ಹೋಗುತ್ತದೆ ಅಂತ ಬಹಳ ಜನ ಕೇಳುತ್ತಾರೆ. ಎರಡು ಕಾರಣ ಇವೆ. ಒಂದು, ಬೋಟ್ ಓಡುವಾಗ ಗೇರ್ ಬಾಕ್ಸ್ ಬಿಸಿಯಾಗುತ್ತದೆ. ದಂಡೆಗೆ ಬಂದು ನಿಲ್ಲಿಸಿದ ಮೇಲೆ ಅದು ತಣ್ಣನೆ ನೀರಿನಲ್ಲಿ ಆರುತ್ತದೆ. ಆರುವಾಗ ಒಳಗಿನ ಗಾಳಿ ಕುಗ್ಗಿ ಹೊರಗಿನ ನೀರನ್ನು ಎಳೆದುಕೊಳ್ಳುತ್ತದೆ. ಇನ್ನೊಂದು, ಬಹಳ ಎಂಜಿನ್ನುಗಳಲ್ಲಿ ಪ್ರೊಪೆಲ್ಲರ್ ಶಾಫ್ಟಿಗೆ ಇರುವುದು ಒಂದು ಸೀಲ್ ಅಲ್ಲ, ಎರಡು. ಬೆನ್ನಿಗೆ ಬೆನ್ನು ಕೊಟ್ಟು ಕೂತಿರುತ್ತವೆ. ಒಳಗೆ ಮುಖ ಮಾಡಿದ್ದು ಎಣ್ಣೆ ತಡೆಯುತ್ತದೆ, ಹೊರಗೆ ಮುಖ ಮಾಡಿದ್ದು ನೀರು ತಡೆಯುತ್ತದೆ. ಒಂದು ಚೆನ್ನಾಗಿದ್ದು ಇನ್ನೊಂದು ಸವೆದಿರಬಹುದು. ಆದ್ದರಿಂದ ಎಣ್ಣೆ ಸೋರುತ್ತಿಲ್ಲ ಎಂದ ಮಾತ್ರಕ್ಕೆ ಸೀಲ್ ಸರಿ ಇದೆ ಎನ್ನುವ ಹಾಗಿಲ್ಲ.

ಪರೀಕ್ಷೆ ಹೀಗೆ ಮಾಡಿ. ಬೋಟ್ ಓಡಿಸಿ ಬಂದ ಮೇಲೆ ಎಂಜಿನ್ ನೆಟ್ಟಗೆ ನಿಲ್ಲಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಕೆಳಗೆ ಗಾಜಿನ ಬಾಟಲಿ ಹಿಡಿದು ಕೆಳಗಿನ ಸ್ಕ್ರೂ ಮೆಲ್ಲಗೆ ಸಡಿಲಿಸಿ. ಮೇಲಿನದನ್ನು ಇನ್ನೂ ಮುಟ್ಟಬೇಡಿ. ನೀರು ಎಣ್ಣೆಗಿಂತ ಭಾರ, ಬೇರೆಯಾಗಿ ನಿಂತಿದ್ದರೆ ಮೊದಲು ಅದೇ ಹನಿಯುತ್ತದೆ. ಬರೀ ನೀರಿನ ನಾಲ್ಕಾರು ಹನಿ ಬಂದು ಆಮೇಲೆ ಶುದ್ಧ ಎಣ್ಣೆ ಬಂದರೆ ನೀರು ಸ್ವಲ್ಪವೇ ಹೋಗಿದೆ ಎಂದರ್ಥ. ಸುರುವಿನಿಂದಲೂ ಚಹಾದ ಬಣ್ಣವೇ ಬಂದರೆ ಬಹಳ ದಿನದಿಂದ ಹೋಗುತ್ತಿದೆ.

ಬಣ್ಣ ನೋಡಿ ತೀರ್ಮಾನಕ್ಕೆ ಬರಲು ಆಗದಿದ್ದರೆ ಮನೆಯಲ್ಲೇ ಮಾಡುವ ಒಂದು ಪರೀಕ್ಷೆ ಇದೆ. ಹಳೆಯ ತಗಡಿನ ಚೂರೊಂದನ್ನು ಒಲೆಯ ಮೇಲೆ ಕಾಯಿಸಿ. ತಗಡನ್ನು ಉರಿಯಿಂದ ಕೆಳಗಿಳಿಸಿ, ಕಡ್ಡಿಯ ತುದಿಯಿಂದ ಒಂದೇ ಹನಿ ಎಣ್ಣೆ ಬಿಡಿ. ಎಣ್ಣೆಯಲ್ಲಿ ನೀರಿದ್ದರೆ ಒಗ್ಗರಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟ ಎನ್ನುತ್ತದೆ. ನೀರಿಲ್ಲದಿದ್ದರೆ ಸುಮ್ಮನೆ ಹರಡಿ ಹೊಗೆಯಾಡುತ್ತದೆ. ಮುಖ ದೂರ ಇರಲಿ, ಒಂದು ಹನಿಗಿಂತ ಜಾಸ್ತಿ ಬೇಡ, ರೊಟ್ಟಿಯ ಹಂಚಂತೂ ಬೇಡ.

ನೀರು ಖಾತ್ರಿಯಾದರೆ ಸೀಲ್ ಸಿಗುವ ತನಕ ಹಾಗೇ ಇಟ್ಟು ಕಾಯಬೇಡಿ. ಅವತ್ತೇ ಪೂರ್ತಿ ಬಿಟ್ಟು ಹೊಸ ಎಣ್ಣೆ ತುಂಬಿ, ಎರಡು ಹೊಸ ವಾಷರ್ ಹಾಕಿ. ಸಣ್ಣ ಓಟ ಓಡಿಸಿ ಮತ್ತೆ ನೋಡಿ. ಮೂಲೆಗಳಲ್ಲಿ ಉಳಿದ ಹಳೆಯದು ಸೇರಿ ಮೊದಲ ಸಲ ಸ್ವಲ್ಪ ಮಸುಕಾಗುವುದುಂಟು. ಎರಡನೇ ಸಲ ಬದಲಿಸಿದ ಮೇಲೂ ಬೆಳ್ಳಗಾದರೆ ನೀರಿಗೆ ದಾರಿ ಇದೆ. ಮಾವನ ಬೋಟಿನ ದೋಷ ಸಿಕ್ಕಿದ್ದು ಈ ಹಂತದಲ್ಲೇ.

## ಪ್ರೊಪೆಲ್ಲರ್ ಹಿಂದೆ ಮಂದ ಎಣ್ಣೆ

ಹಿನ್ನೀರಿನಲ್ಲಿ ನಾನು ಕಂಡ ಸೀಲ್ ಹಾಳಾಗುವ ಕಾರಣಗಳಲ್ಲಿ ಬಲೆಯ ನೂಲಿಗೆ ಮೊದಲ ಜಾಗ. ಹರಿದು ತೇಲುವ ಬಲೆಯ ಚೂರು, ಗಾಳದ ನೈಲಾನ್ ದಾರ ಪ್ರೊಪೆಲ್ಲರ್ ಶಾಫ್ಟಿಗೆ ಸುತ್ತಿಕೊಳ್ಳುತ್ತದೆ. ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ.

ಪ್ರೊಪೆಲ್ಲರಿನ ಕಾಟರ್ ಪಿನ್ ತೆಗೆದು, ನಟ್ಟು ಬಿಚ್ಚಿ, ಪ್ರೊಪೆಲ್ಲರ್ ಎಳೆಯಿರಿ. ಅದರ ಹಿಂದೆ ಒಂದು ದಪ್ಪ ಹಿತ್ತಾಳೆ ಅಥವಾ ಸ್ಟೀಲಿನ ವಾಷರ್ ಬರುತ್ತದೆ. ಯಾವ ಮುಖ ಯಾವ ಕಡೆ ಇತ್ತು ಅಂತ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಈಗ ಟಾರ್ಚ್ ಹಿಡಿದು ಶಾಫ್ಟು ಒಳಗೆ ಹೋಗುವ ಜಾಗ ನೋಡಿ. ನೂಲು ನೂಲಿನ ಹಾಗೇ ಇರುತ್ತದೆ ಅಂದುಕೊಳ್ಳಬೇಡಿ. ಒಂದು ಎಂಜಿನ್ನಿನಲ್ಲಿ ನನಗೆ ಮೊದಲು ಕಂಡದ್ದು ಬೂದು ಬಣ್ಣದ ಒಂದು ಬಳೆ. ರಬ್ಬರ್ ಸೀಲೇ ಇರಬೇಕು ಅಂದುಕೊಂಡೆ. ಸೂಜಿಯ ಮೊನೆಯಿಂದ ಕೆದಕಿದರೆ ಅಂಚು ಎದ್ದಿತು, ಹಿಡಿದು ಎಳೆದರೆ ಸುರುಳಿ ಬಿಚ್ಚುತ್ತಾ ಬಂತು. ಮೊದಲ ಎರಡು ಸುತ್ತು ಕರಗಿ ಗಟ್ಟಿಯಾಗಿತ್ತು, ಅದರ ಕೆಳಗಿನದು ಇನ್ನೂ ಹಸಿರು ದಾರ. ಕೊನೆಯ ತುದಿ ಸೀಲಿನ ತುಟಿಯ ಒಳಗೇ ಹೊಕ್ಕಿತ್ತು. ಅದು ಹೊರಗೆ ಬರುತ್ತಲೇ ಒಂದು ಹನಿ ಎಣ್ಣೆ ಹಿಂದೆಯೇ ಜಾರಿತು.

ನೂಲು ತೆಗೆದ ಮೇಲೆ ಒಮ್ಮೊಮ್ಮೆ ಸೋರಿಕೆ ನಿಲ್ಲುತ್ತದೆ. ಸೀಲಿನ ತುಟಿ ಹರಿಯದೆ ಬರೀ ಎತ್ತಿ ಹಿಡಿದಿದ್ದರೆ ಅದು ಮತ್ತೆ ಕೂರುತ್ತದೆ. ಒರೆಸಿ, ರಟ್ಟಿನ ಪರೀಕ್ಷೆ ಮತ್ತೆ ಮಾಡಿ.

ನಿಲ್ಲದಿದ್ದರೆ ಸೀಲ್ ಬದಲಿಸಬೇಕು. ಆದರೆ ಅದಕ್ಕೂ ಮೊದಲು ಶಾಫ್ಟು ನೋಡಿ. ಸೀಲ್ ಕೂರುವ ಜಾಗದಲ್ಲಿ ಉಗುರು ಆಡಿಸಿ. ಉಗುರಿಗೆ ತೋಡು ಸಿಕ್ಕಿದರೆ ಹೊಸ ಸೀಲ್ ಹಾಕಿದರೂ ಬಹಳ ದಿನ ಬಾಳುವುದಿಲ್ಲ. ಮುಂಗಾರಿನ ಕೆಂಪು ನೀರಿನಲ್ಲಿ ಬರುವ ಮಣ್ಣು ಉಪ್ಪುಕಾಗದದ ಹಾಗೆ ಕೆಲಸ ಮಾಡುತ್ತದೆ, ಶಾಫ್ಟನ್ನೇ ತಿನ್ನುತ್ತದೆ. ಆಗ ಶಾಫ್ಟಿನ ಮೇಲೆ ತೆಳ್ಳನೆಯ ಸ್ಟೀಲ್ ತೋಳು ಹಾಕಿಸಬೇಕು, ಇಲ್ಲವೇ ಶಾಫ್ಟನ್ನೇ ಬದಲಿಸಬೇಕು.

ಶಾಫ್ಟು ಬಾಗಿದೆಯೇ ಅನ್ನುವುದನ್ನೂ ನೋಡಿ. ಆಲಮಟ್ಟಿ ಜಲಾಶಯ ತುಂಬಿದರೆ ನೀರು ಸಮುದ್ರ ಮಟ್ಟದಿಂದ 519.60 ಮೀಟರ್ ಎತ್ತರಕ್ಕೆ ನಿಲ್ಲುತ್ತದೆ. ಬೇಸಿಗೆ ಬರುತ್ತಾ ನೀರು ಇಳಿದಂತೆ ಮುಳುಗಡೆಯಾದ ಊರುಗಳ ಗೋಡೆ, ಹಳೆಯ ರಸ್ತೆ, ಬಳ್ಳಾರಿ ಜಾಲಿಯ ಬೊಡ್ಡೆ ನೀರಿನ ಮೈಗೆ ಹತ್ತಿರವಾಗುತ್ತವೆ. ಮೇಲಿಂದ ಏನೂ ಕಾಣುವುದಿಲ್ಲ. ಪ್ರೊಪೆಲ್ಲರ್ ಒಮ್ಮೆ ಜೋರಾಗಿ ಬಡಿದರೆ ಶಾಫ್ಟು ಕೂದಲೆಳೆಯಷ್ಟು ಬಾಗಬಹುದು. ನ್ಯೂಟ್ರಲ್‌ನಲ್ಲಿಟ್ಟು, ಶಾಫ್ಟಿನ ತುದಿಗೆ ಸ್ವಲ್ಪವೇ ಅಂತರದಲ್ಲಿ ಪೆನ್ಸಿಲ್ ಮೊನೆ ಹಿಡಿದು, ಕೈಯಿಂದ ಮೆಲ್ಲಗೆ ತಿರುಗಿಸಿ. ಅಂತರ ಒಂದೇ ಸಮ ಇರಬೇಕು. ಒಂದು ಕಡೆ ತಾಗಿ ಇನ್ನೊಂದು ಕಡೆ ದೂರ ಹೋದರೆ ಬಾಗಿದೆ. ಬಾಗಿದ ಶಾಫ್ಟಿಗೆ ಎಷ್ಟು ಸೀಲ್ ಹಾಕಿದರೂ ಹಣ ದಂಡ.

ಸೀಲಿನ ಮೈಮೇಲೆ ಮೂರು ಸಂಖ್ಯೆ ಇರುತ್ತವೆ: ಒಳ ಅಳತೆ, ಹೊರ ಅಳತೆ, ದಪ್ಪ. ಅದನ್ನು ತೋರಿಸಿದರೆ ಬಾಗಲಕೋಟೆಯ ಬೇರಿಂಗ್ ಅಂಗಡಿಯಲ್ಲೂ ಅದೇ ಅಳತೆಯದು ಸಿಗಬಹುದು. ಆದರೆ ಬೋಟಿನ ಸೀಲಿಗೆ ಒಳಗಿನ ಸ್ಪ್ರಿಂಗು ಸ್ಟೇನ್‌ಲೆಸ್ ಇರಬೇಕು. ಗಾಡಿಯ ಸೀಲಿನ ಸಾದಾ ಸ್ಪ್ರಿಂಗು ನೀರಿನಲ್ಲಿ ತುಕ್ಕು ಹಿಡಿದು ತುಂಡಾಗುತ್ತದೆ. ಕಂಪನಿಯದೇ ತರಿಸಿಕೊಳ್ಳುವುದು ಲೇಸು. ಸೀಲ್ ಹಾಕುವುದಕ್ಕೆ ಬೇರಿಂಗ್ ಮನೆಯನ್ನೇ ಪುಲ್ಲರ್‌ನಿಂದ ಎಳೆಯಬೇಕಾಗುತ್ತದೆ. ಪುಲ್ಲರ್ ಇಲ್ಲದೆ ಸುತ್ತಿಗೆಯಿಂದ ಬಡಿದು ತೆಗೆಯಲು ಹೋಗಿ ಗೇರ್ ಬಾಕ್ಸ್ ಒಡೆದುಕೊಂಡವರಿದ್ದಾರೆ. ಅನುಭವ ಇಲ್ಲದವರು ಇಲ್ಲಿಗೆ ನಿಲ್ಲಿಸಿ, ಮೆಕ್ಯಾನಿಕ್ ಹತ್ತಿರ ಹೋಗಿ. ಹೋಗುವಾಗ ನೀವು ಕಂಡದ್ದೆಲ್ಲ ಹೇಳಿ, ಫೋಟೊ ತೋರಿಸಿ.

## ಎಲ್ಲೂ ಸೋರಿಕೆ ಕಾಣದು, ಆದರೂ ಎಣ್ಣೆ ಕಡಿಮೆಯಾಗುತ್ತಿದೆ

ಸೀಲ್ ಇರುವುದು ಹಿಂದೆ ಮಾತ್ರವಲ್ಲ. ಎಂಜಿನ್ನಿನಿಂದ ಕೆಳಗಿಳಿಯುವ ಉದ್ದ ಶಾಫ್ಟಿಗೆ ನೀರಿನ ಪಂಪಿನ ಕೆಳಗೆ ಒಂದು ಸೀಲ್ ಇದೆ. ಗೇರ್ ಹಾಕುವ ಸರಳಿಗೆ ಇನ್ನೊಂದು ಇದೆ. ಬೇರಿಂಗ್ ಮನೆಯ ಸುತ್ತ ಓ-ರಿಂಗ್ ಇದೆ. ಮೇಲಿನ ಸೀಲುಗಳಿಂದ ಸೋರಿದ ಎಣ್ಣೆ ಹೊಗೆ ಹೋಗುವ ದಾರಿಗೆ ಸೇರಿ ಹೊರಟುಹೋಗುತ್ತದೆ. ಹೊರಗಿನಿಂದ ಎಷ್ಟು ಹುಡುಕಿದರೂ ಗುರುತು ಸಿಗುವುದಿಲ್ಲ.

ಇದಕ್ಕೆ ಗಾಳಿ ಒತ್ತಡದ ಪರೀಕ್ಷೆಯೇ ಆಗಬೇಕು. ಎಣ್ಣೆ ಪೂರ್ತಿ ಬಿಟ್ಟು ಕೆಳಗಿನ ಸ್ಕ್ರೂ ಮುಚ್ಚಿ. ಮೇಲಿನ ತೂತಿಗೆ ಮೀಟರ್ ಇರುವ ಕೈಪಂಪಿನ ಪೈಪನ್ನು ಸರಿಯಾದ ಅಡಾಪ್ಟರಿನಿಂದ ಜೋಡಿಸಿ. ಮೊದಲು 3 ರಿಂದ 5 ಪಿಎಸ್‌ಐ (ಟೈರಿನ ಗಾಳಿ ಅಳೆಯುವ ಅಳತೆ) ಅಷ್ಟೇ. ಪ್ರೊಪೆಲ್ಲರ್ ಶಾಫ್ಟು ಕೈಯಿಂದ ತಿರುಗಿಸಿ, ಮುಳ್ಳು ಇಳಿಯುತ್ತದೆಯೇ ನೋಡಿ. ಸರಿ ಇದ್ದರೆ ಎಂಜಿನ್ನಿನ ಪುಸ್ತಕದಲ್ಲಿ ಹೇಳಿದ ಒತ್ತಡದ ತನಕ ಏರಿಸಿ. ಸಾಮಾನ್ಯವಾಗಿ ಅದು 10 ರಿಂದ 15 ಪಿಎಸ್‌ಐ ನಡುವೆ ಇರುತ್ತದೆ. ಐದು ನಿಮಿಷ ಕಾಯಿರಿ. ಮುಳ್ಳು ಇಳಿದರೆ ಸೋಪಿನ ನೀರು ಹಚ್ಚುತ್ತಾ ಹೋಗಿ, ಗುಳ್ಳೆ ಎದ್ದ ಕಡೆ ಸೋರಿಕೆ ಇದೆ. ಕೆಲಸ ನೆರಳಿನಲ್ಲಿ ಮಾಡಿ. ನಮ್ಮ ಏಪ್ರಿಲ್ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಮೀಟರ್ ಸುಳ್ಳು ಹೇಳುತ್ತದೆ.

ಒಂದು ಎಚ್ಚರಿಕೆ ಗಟ್ಟಿಯಾಗಿ ಹೇಳಬೇಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಪೈಪನ್ನು ಇದಕ್ಕೆ ಹಿಡಿಯಬೇಡಿ. ಕಾರಿನ ಟೈರಿಗೇ 30 ಪಿಎಸ್‌ಐ ಮೇಲೆ ಹೋಗುವ ಗಾಳಿ ಅದು. ಒಂದು ಕ್ಷಣದಲ್ಲಿ ಚೆನ್ನಾಗಿದ್ದ ಸೀಲುಗಳೂ ಜಾಗ ಬಿಟ್ಟು ಹಾರುತ್ತವೆ.

ಒತ್ತಡದ ಪರೀಕ್ಷೆ ಎಣ್ಣೆ ತಡೆಯುವ ಸೀಲನ್ನು ಪರೀಕ್ಷಿಸುತ್ತದೆ. ನೀರು ತಡೆಯುವ ಸೀಲಿಗೆ ಗಾಳಿ ಎಳೆಯುವ ಪರೀಕ್ಷೆ, ಅಂದರೆ ವ್ಯಾಕ್ಯೂಮ್, ಬೇಕು. ಎಣ್ಣೆ ಚಹಾ ಆಗುತ್ತಿದ್ದು ಒತ್ತಡದಲ್ಲಿ ಎಲ್ಲ ಸರಿ ಬಂದರೆ ಮೆಕ್ಯಾನಿಕ್ಕಿಗೆ ‘ವ್ಯಾಕ್ಯೂಮ್ ಕೂಡ ನೋಡಿ’ ಅಂತ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಯಾವ ಸೀಲಿನಲ್ಲೂ ಗುಳ್ಳೆ ಬರದೆ ಗೇರ್ ಬಾಕ್ಸಿನ ಮೈಮೇಲೇ ಗುಳ್ಳೆ ಎದ್ದರೆ ಅದು ಬಿರುಕು. ಕೆಳಗಿನ ರೆಕ್ಕೆ ಕಲ್ಲಿಗೆ ಬಡಿದ ಎಂಜಿನ್ನುಗಳಲ್ಲಿ ಇದನ್ನು ಕಂಡಿದ್ದೇನೆ. ಮೇಲೆ ಬಳಿದ ಯಾವ ಅಂಟೂ ಅಲ್ಲಿ ನಿಲ್ಲುವುದಿಲ್ಲ.

## ಸ್ಟರ್ನ್‌ಡ್ರೈವ್ ಬೋಟಿನವರಿಗೆ

ಕರಾವಳಿ ಕಡೆಯಿಂದ ಹಳೆಯ ಬೋಟ್ ತಂದವರಿಗೆ ಈ ಮಾತು. ಇದರಲ್ಲಿ ಗೇರ್ ಆಯಿಲ್ ಎರಡು ಲೀಟರ್ ಆಸುಪಾಸು ಹಿಡಿಯುತ್ತದೆ, ಕೆಲವಕ್ಕೆ ಇನ್ನೂ ಜಾಸ್ತಿ. ಬಹಳ ಮಾದರಿಗಳಲ್ಲಿ ಎಂಜಿನ್ ಪಕ್ಕ ಒಂದು ಪ್ಲಾಸ್ಟಿಕ್ ಬಾಟಲಿ ಇದ್ದು, ಗೇರ್ ಆಯಿಲಿನ ಮಟ್ಟ ಅದರಲ್ಲೇ ಕಾಣುತ್ತದೆ. ಎಣ್ಣೆ ಬದಲಿಸಿದ ಹೊಸತರಲ್ಲಿ ಈ ಮಟ್ಟ ಸ್ವಲ್ಪ ಇಳಿದರೆ ಹೆದರಬೇಡಿ. ಒಳಗೆ ಸಿಕ್ಕಿಕೊಂಡ ಗಾಳಿ ಹೊರಬಂದು ಎಣ್ಣೆ ಆ ಜಾಗ ತುಂಬುತ್ತದೆ. ಗೆರೆಯ ತನಕ ಸೇರಿಸಿ, ಗುರುತು ಮಾಡಿಡಿ. ಆಮೇಲೂ ಇಳಿಯುತ್ತಲೇ ಇದ್ದರೆ ಸೋರಿಕೆ ಇದೆ. ಬದಲಿಗೆ ಮಟ್ಟ ಏರಿದರೆ, ಎಣ್ಣೆ ಮಸುಕಾದರೆ, ನೀರು ಒಳಗೆ ಬರುತ್ತಿದೆ.

ಬಾಟಲಿಯಿಂದ ಹೋಗುವ ಪೈಪು, ಅದರ ಕ್ಲಿಪ್ಪುಗಳನ್ನು ಮೊದಲು ನೋಡಿ. ಅಲ್ಲಿ ಒಣಗಿದ್ದರೆ ಮುಂದಿನ ಅನುಮಾನ ಬೆಲ್ಲೋಸ್, ಅಂದರೆ ಬೋಟಿನಿಂದ ಡ್ರೈವಿಗೆ ಹೋಗುವ ಶಾಫ್ಟನ್ನು ಮುಚ್ಚಿರುವ, ಮಡಿಕೆ ಮಡಿಕೆಯ ರಬ್ಬರ್ ಕೊಳವೆ. ಅದರೊಳಗೆ ಎಣ್ಣೆ ಸಿಕ್ಕಿದರೆ ಮೇಲಿನ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟಿನ ಸೀಲ್ ಹೋಗಿದೆ. ನೀರು ಸಿಕ್ಕಿದರೆ ಬೆಲ್ಲೋಸೇ ಹರಿದಿದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಬೆಲ್ಲೋಸ್ ಹರಿದರೆ ಆ ದಾರಿಯಿಂದ ನೀರು ಬೋಟಿನ ಒಳಗೇ ಬರಬಹುದು. ಡ್ರೈವ್ ಬಿಚ್ಚುವುದು ಒಬ್ಬರ ಕೆಲಸವಲ್ಲ, ಬಹಳ ಭಾರ. ತಿಳಿದವರ ಕೈಗೆ ಕೊಡಿ.

## ಕರಕಲು ವಾಸನೆ, ಚೂರು, ಕರಕರ ಶಬ್ದ

ಎಣ್ಣೆ ಬಿಡುವ ಸ್ಕ್ರೂವಿನ ತುದಿಗೆ ಬಹಳ ಎಂಜಿನ್ನುಗಳಲ್ಲಿ ಅಯಸ್ಕಾಂತ ಇರುತ್ತದೆ. ಅದಕ್ಕೆ ಅಂಟಿದ ಬೂದು ಬಣ್ಣದ, ಕಾಡಿಗೆಯಷ್ಟು ನುಣುಪಾದ ಪುಡಿ ಸಹಜ ಸವೆತ. ಒರೆಸಿ ಹಾಕಿ. ಬೆರಳಿಗೆ ಚುಚ್ಚುವ ಚೂರು, ಹೊಳೆಯುವ ಚಕ್ಕೆ ಸಿಕ್ಕಿದರೆ ಗೇರಿನ ಹಲ್ಲೋ ಬೇರಿಂಗೋ ಒಡೆದಿದೆ. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಎಣ್ಣೆ ಕಡಿಮೆ ಇದ್ದಾಗಲೇ ಓಡಿಸಿದ್ದೀರಿ. ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸಿದರೆ ಕರಕರ ಎಂದರೆ, ಅಲ್ಲಲ್ಲಿ ತಡೆದರೆ, ಇನ್ನೊಂದು ಓಟವೂ ಬೇಡ. ಹೊಸ ಎಣ್ಣೆ ಹಾಕಿ ದೂಡೋಣ ಎನ್ನುವ ಆಸೆ ಬೇಡ. ಇಲ್ಲಿ ಮನೆಯ ಕೆಲಸ ಮುಗಿಯಿತು.

## ನೀರಿನ ನಡುವೆ ಗೊತ್ತಾದರೆ

ಕೊರ್ತಿ-ಕೊಲ್ಹಾರ ಸೇತುವೆಯ ಹತ್ತಿರ ಹಿನ್ನೀರು ಎಷ್ಟು ಅಗಲ ಎಂದು ನೋಡಿದವರಿಗೆ ಗೊತ್ತು. ಅಲ್ಲಿ ಗೇರ್ ಬಾಕ್ಸ್ ಹಿಡಿದುಕೊಂಡರೆ ಗಾಳಿ ಎಳೆದ ಕಡೆ ಹೋಗಬೇಕಾಗುತ್ತದೆ. ಹಿಂದೆ ಎಣ್ಣೆಯ ಗೆರೆ ಕಂಡರೆ, ಕೆಳಗಿನಿಂದ ಊಳಿಡುವ ಶಬ್ದ ಬಂದರೆ, ವೇಗ ಇಳಿಸಿ ಹತ್ತಿರದ ದಂಡೆಗೆ ತಿರುಗಿಸಿ. ಹೊರಟ ದಂಡೆಯೇ ಬೇಕೆಂದಿಲ್ಲ. ಕರಕರ ಸುರುವಾದರೆ ಎಂಜಿನ್ ಬಂದ್ ಮಾಡಿ ಹುಟ್ಟು ಹಾಕಿ. ಇದಕ್ಕಾಗಿಯೇ ಎಂಜಿನ್ ಎಷ್ಟೇ ಹೊಸದಿರಲಿ ಬೋಟಿನಲ್ಲಿ ಎರಡು ಹುಟ್ಟು, ಉದ್ದ ಹಗ್ಗ, ಲಂಗರು, ಟಾರ್ಚ್, ಎಲ್ಲರಿಗೂ ಲೈಫ್ ಜಾಕೆಟ್ ಇರಲೇಬೇಕು. ಜಾಕೆಟ್ ಮೈಮೇಲೆ ಇರಬೇಕು, ಸೀಟಿನ ಕೆಳಗಲ್ಲ. 2019ರ ಆಗಸ್ಟ್ ಪ್ರವಾಹದಲ್ಲಿ ನಮ್ಮ ಜಿಲ್ಲೆಗಳಲ್ಲಿ ಬೋಟುಗಳು ಎಷ್ಟು ಜನರನ್ನು ದಡ ಸೇರಿಸಿದವು ಎಂದು ನೆನೆದರೆ, ಇಂಥ ಹೊತ್ತಿಗೆ ತಯಾರಿರದ ಎಂಜಿನ್ ಇಟ್ಟುಕೊಳ್ಳಲು ನನಗೆ ಮನಸ್ಸಾಗುವುದಿಲ್ಲ.

## ಮತ್ತೆ ಎಣ್ಣೆ ತುಂಬುವಾಗ

ಮೇಲಿನ ತೂತಿನಿಂದ ಸುರಿಯಬೇಡಿ. ಒಳಗೆ ಗಾಳಿ ಉಳಿದು, ತುಂಬಿದೆ ಎಂದು ಸುಳ್ಳು ಕಾಣುತ್ತದೆ. ಎಷ್ಟೋ ಸಲ ‘ಎಣ್ಣೆ ಕಡಿಮೆಯಾಯಿತು’ ಎಂಬ ದೂರಿನ ಹಿಂದೆ ಇರುವುದು ಇದೇ. ಎರಡೂ ಸ್ಕ್ರೂ ತೆಗೆದು, ಕೆಳಗಿನ ತೂತಿನಿಂದ ಪಂಪಿನಲ್ಲಿ ನಿಧಾನವಾಗಿ ಏರಿಸಿ. ಮೇಲಿನ ತೂತಿನಿಂದ ಗುಳ್ಳೆಯಿಲ್ಲದ ಎಣ್ಣೆ ಹೊರಬರುವ ತನಕ ಬಿಡಬೇಡಿ. ಪಂಪು ಕೆಳಗೆ ಇರುವಾಗಲೇ ಮೇಲಿನ ಸ್ಕ್ರೂ ಹೊಸ ವಾಷರಿನೊಂದಿಗೆ ಮುಚ್ಚಿ. ಆಮೇಲೆ ಪಂಪು ತೆಗೆದು ತಕ್ಷಣ ಕೆಳಗಿನದು ಮುಚ್ಚಿ. ಮೇಲೆ ಮುಚ್ಚಿರುವುದರಿಂದ ಎಣ್ಣೆ ದಬದಬ ಸುರಿಯುವುದಿಲ್ಲ. ಎಣ್ಣೆ ಯಾವ ಗ್ರೇಡಿನದು ಎಂದು ಎಂಜಿನ್ನಿನ ಪುಸ್ತಕ ಹೇಳುತ್ತದೆ. ಬೋಟಿಗೆಂದೇ ಮಾಡಿದ ಮರೀನ್ ಗೇರ್ ಆಯಿಲ್ ಆದರೆ ಸ್ವಲ್ಪ ನೀರು ಸೇರಿದರೂ ತಡೆದುಕೊಳ್ಳುತ್ತದೆ.

ತೆಗೆದ ಎಣ್ಣೆಯನ್ನು ದಂಡೆಯಲ್ಲಿ ಸುರಿಯಬೇಡಿ. ಈ ಕೃಷ್ಣೆಯ ನೀರನ್ನೇ ನಾವು ಕುಡಿಯುತ್ತೇವೆ, ನಮ್ಮ ಮೀನು ಇದರಲ್ಲೇ ಬೆಳೆಯುತ್ತದೆ. ಮುಚ್ಚಳ ಇರುವ ಕ್ಯಾನಿಗೆ ತುಂಬಿ, ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.

ದುರಸ್ತಿಯಾದ ಮೇಲೆ 10 ಗಂಟೆ ಓಡಿಸಿ, ರಾತ್ರಿ ನೆಟ್ಟಗೆ ನಿಲ್ಲಿಸಿ, ಬೆಳಿಗ್ಗೆ ಕೆಳಗಿನ ಸ್ಕ್ರೂ ಸಡಿಲಿಸಿ ನಾಲ್ಕು ಹನಿ ನೋಡಿ. ಆಮೇಲೆ ಆ ಸ್ಕ್ರೂವಿಗೆ ಇನ್ನೊಂದು ಹೊಸ ವಾಷರ್ ಹಾಕಿ ಮುಚ್ಚಿ. ಹನಿ ತಿಳಿಯಾಗಿದ್ದರೆ ಮುಂದಿನ ಬದಲಾವಣೆ 100 ಗಂಟೆಗೆ, ಇಲ್ಲವೇ ವರ್ಷಕ್ಕೊಮ್ಮೆ, ಯಾವುದು ಮೊದಲು ಬರುತ್ತದೋ ಆಗ. ನಾನು ಜೂನ್ ಮೊದಲ ವಾರ, ಹೊಸ ನೀರು ಬರುವ ಮುಂಚೆ, ಬದಲಿಸಿ ಮುಗಿಸುತ್ತೇನೆ.